ಮುಖ ನೋಡದ ಅಟ್ಟೆಯಜ್ಜ

ಬೂಟಿನೊಳಗೆ ಹಾಕುವ ಅಟ್ಟೆಯನ್ನು ಪಾದಕ್ಕೆ ತಕ್ಕಂತೆ ಮಾಡಿಕೊಡುವ ನಮ್ಮ ಅಟ್ಟೆಯಜ್ಜ, ಅವರ ಹೊಟ್ಟೆ ತಣ್ಣಗಿರಲಿ, ಬಂದವರ ಮುಖ ನೋಡುವವರೇ ಅಲ್ಲ. ಸ್ವಂತ ಬೀಗರನ್ನೂ ಹಿಮ್ಮಡಿ ನೋಡಿಯೇ ಗುರುತಿಸಿದರಂತೆ. “ಸ್ವಲ್ಪ ನಡಿ ತಾಯಿ, ನೋಡೋಣ” ಎಂದು ಬಾಗಿಲಿನಿಂದ ಗೋಡೆಗೆ ಇಪ್ಪತ್ತು ಸಲ ನಡೆಸುತ್ತಾರೆ, ಅಟ್ಟೆಯನ್ನು ಒಂದಿಷ್ಟು ಉಜ್ಜುತ್ತಾರೆ, ಮತ್ತೆ ನಡೆಸುತ್ತಾರೆ. ಮನೆಮನೆಗೆ ಅಂಚೆ ಹಂಚುವ ನನ್ನ ಪಾದದ ಮೂಳೆ ಎರಡು ಸಲ ಕೂದಲೆಳೆಯಷ್ಟು ಬಿರಿದಿತ್ತು. ಇನ್ನೊಮ್ಮೆ ಬಿರಿದರೆ ಕೆಲಸವನ್ನೇ ಬಿಡಬೇಕಿತ್ತು. “ಬಿರಿಯೋದೇ ಇಲ್ಲ ಅಂತ ಆಣೆ ಮಾಡಲ್ಲ. ಹೆಜ್ಜೆಹೆಜ್ಜೆಗೂ ಮೂಳೆ ಒಂಚೂರು ಬಾಗುತ್ತೆ, ಅದನ್ನ ಕಡಿಮೆ ಮಾಡೋಕೆ ನೋಡ್ತೀನಿ” ಎಂದು ಅಜ್ಜ ಅಟ್ಟೆ ಮಾಡಿಕೊಟ್ಟಿದ್ದರು. ವರ್ಷವಿಡೀ ನೋವಿಲ್ಲದೆ ನಡೆದು, ಹಳ್ಳಬಿದ್ದ ಅಟ್ಟೆಯನ್ನು ನಾಚಿಕೊಂಡೇ ಮುಂದಿಟ್ಟೆ. ತಾವು ಮಾಡಿದ್ದು ಹಾಳಾದರೆ ಯಾವ ಕಸುಬಿನವರಾದರೂ ಮುಖ ಗಂಟಿಕ್ಕುತ್ತಾರೆ, ಆದರೆ ಅಜ್ಜ ಅದನ್ನು ಬೆಳಕಿಗೆ ಹಿಡಿದು, ಮೊದಲ ಸಲ ನನ್ನ ಮುಖ ನೋಡಿ ನಕ್ಕರು: “ನಿನ್ನ ಮೂಳೆಗೆ ಬೀಳಬೇಕಾಗಿದ್ದ ಏಟನ್ನ ಇದು ತಿಂದಿದೆ ನೋಡು ಮಗಳೇ.”