ತಡಸಲಿನ ಎರಡನೇ ಸೀಳು

ತಡಸಲು ಮರ ಬಿಲ್ಲಾಗಬೇಕಾದರೆ ಕಡಿದ ಮೇಲೆ ಒಂದು ವರ್ಷ ನೆರಳಲ್ಲಿ ಒಣಗಬೇಕು. ಚಿಕ್ಕವೆಂಕಟಪ್ಪನಿಗೆ ಅಷ್ಟು ಕಾಲ ಉಳಿದಿರಲಿಲ್ಲ. ಚಿನ್ನದ ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸದಲ್ಲಿ ಉಸಿರಾಡಿದ ಕಲ್ಲಿನ ಧೂಳು ಅವನ ಶ್ವಾಸಕೋಶವನ್ನು ಗಟ್ಟಿಮಾಡಿತ್ತು. ಮಳೆಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಹೆಂಡತಿ ಗಂಗರತ್ನಮ್ಮನಿಗೆ ಹೇಳಿದ್ದರು. ಅವನು ಬಾಗಿಲಾಚೆ ನಿಂತು ಕೇಳಿಸಿಕೊಂಡಿದ್ದ.

ಅವನ ತಂದೆ ಬೂದಿಕೋಟೆ ಕಡೆ ಹೊಲ ಕಾಯುವವರಿಗೆ ಬಿಲ್ಲು ಮಾಡಿಕೊಡುತ್ತಿದ್ದವರು. ಅವರ ಕೊನೆಯ ಬಿಲ್ಲು ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೆಲಸಗಾರರ ಲೈನ್ ಮನೆಯ ಗೋಡೆಯ ಮೇಲೆ, ಹೆದೆ ಬಿಚ್ಚಿ, ತೂಗುತ್ತಿತ್ತು. ಮಗ ಕಸುಬು ಕಲಿತ, ಆದರೆ ಗಣಿಗೆ ಇಳಿದ. ತನ್ನ ಕೈಯಿಂದ ಪೂರ್ತಿಯಾಗಿ ಒಂದು ಬಿಲ್ಲೂ ಆಗಲಿಲ್ಲ. ಈಗ ಅವನಿಗೆ ಬೇಕಾಗಿದ್ದು ಅದೊಂದೇ.

ಎಲೆ ಉದುರಿದ ಮಾಘದಲ್ಲಿ, ಜೊತೆಗೆ ಗಣಿಗಿಳಿಯುತ್ತಿದ್ದ ಮುನೀಂದ್ರ ತನ್ನ ಹೊಲದ ಬದುವಿನಲ್ಲಿದ್ದ ತಡಸಲನ್ನು ಕಡಿಸಿಕೊಟ್ಟ. ಚಿಕ್ಕವೆಂಕಟಪ್ಪ ಉದ್ದಕ್ಕೆ ಗರಗಸ ಹಾಕಲಿಲ್ಲ. ಗರಗಸ ನಾರನ್ನು ಕತ್ತರಿಸುತ್ತದೆ; ಬೆಣೆ ಹೊಡೆದರೆ ಮರ ನಾರಿನ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಒಂದೊಂದು ಏಟಿಗೂ ಕೂತು ಸುಧಾರಿಸಿಕೊಂಡ. ಗಂಟಿಲ್ಲದ ಎರಡು ಸೀಳು ಸಿಕ್ಕವು. ತೇವ ತುದಿಯಿಂದ ಓಡಿಹೋಗದಂತೆ ಎರಡರ ತುದಿಗಳಿಗೂ ಸಗಣಿ ಮೆತ್ತಿ, ರಾಗಿ ಹುಲ್ಲಿನೊಳಗೆ ಇಡಿಸಿದ.

ಯುಗಾದಿ ಕಳೆಯುವಷ್ಟರಲ್ಲಿ ಬಚ್ಚಲಿಗೆ ಹೋಗಿಬರುವುದೇ ಅವನಿಗೆ ದೊಡ್ಡ ಪ್ರಯಾಣವಾಗಿತ್ತು.

"ಲೇ ಮುನೀಂದ್ರ, ಒಂದನ್ನ ಸೈನೈಡ್ ದಿಬ್ಬದ ಮರಳಲ್ಲಿ ಮುಚ್ಚಿಡಾನ. ಬಿಸಿಗೆ ಬೇಗ ಒಣಗ್ತದೆ. ನುಸೀನೂ ಇಡಿಯಲ್ಲ."

"ಅಲ್ಲಿ ಗಿಡಾನೇ ಬರಲ್ಲ, ನುಸಿ ಎಲ್ಲಿಂದ ಬತ್ತದೆ? ನಿಮ್ಮಪ್ಪ ಇದ್ದಿದ್ರೆ ನಿನ್ನೇ ಅಲ್ಲಿ ಮುಚ್ಚಿಡ್ತಿದ್ದ ಕಣ್ಲಾ."

"ನಂದು ಆಮೇಲೆ. ಮೊದ್ಲು ಮರ."

ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಕಲ್ಲುಪುಡಿಯ ದಿಬ್ಬ ಅದು. ಚೈತ್ರದ ಬಿಸಿಲಿಗೆ ಕಾದ ಆ ಮರಳಿನಿಂದ ಮುನೀಂದ್ರ ತೆಗೆದು ತಂದಾಗ ಸೀಳು ಉದ್ದಕ್ಕೂ ಬಾಯಿಬಿಟ್ಟಿತ್ತು. ಬಿರುಕಿನೊಳಗೆ ಬೆರಳು ಹೋಗುತ್ತಿತ್ತು. ಹೊರಮೈ ಬೇಗ ಒಣಗಿ ಕುಗ್ಗಿತ್ತು, ಒಳಗೆ ಇನ್ನೂ ಹಸಿ. ಇದು ಚಿಕ್ಕವೆಂಕಟಪ್ಪನಿಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಮಾಡಿದ್ದ.

"ಇನ್ನೊಂದು ತಗೊಂಡ್ ಬಾ," ಎಂದ ಹೆಂಡತಿಗೆ. "ಅಸೀದೇ ಕೆತ್ತಿಬಿಡ್ತೀನಿ."

ಗಂಗರತ್ನಮ್ಮ ರಾಗಿ ಹುಲ್ಲಿನೊಳಗಿಂದ ಎರಡನೇ ಸೀಳನ್ನು ತಂದಳು, ಕೈಗೆ ಕೊಡಲಿಲ್ಲ. "ಅಸಿ ಮರ ಬಗ್ಗಿಸಿದ್ರೆ ಬಗ್ಗಿದಂಗೇ ನಿಂತ್ಕೊಳ್ತದೆ ಅಂತ ಮದುವೆ ಆದಾಗಿಂದ ನಿನ್ ಬಾಯಲ್ಲೇ ಕೇಳಿದೀನಿ. ಅಂಥದ್ದನ್ನ ಮಾವನ ಬಿಲ್ಲಿನ ಪಕ್ಕ ತೂಗಾಕ್ತೀಯೇನಯ್ಯ?"

"ವರ್ಷ ಯಾರು ಕಾಯ್ತಾರೆ?"

"ನಾನು ಕಾಯ್ತೀನಿ."

ಅವನು ಅವಳ ಕೈಯಿಂದ ಸೀಳನ್ನು ತೆಗೆದುಕೊಂಡು ತೊಡೆಯ ಮೇಲೆ ಇರಿಸಿ ಬೆರಳಗೆಣ್ಣಿನಿಂದ ತಟ್ಟಿದ. ದೊಬ್ ಎಂದಿತು. ತಂದೆಯ ಬಿಲ್ಲನ್ನು ಇಳಿಸಲು ಹೇಳಿ ಅದನ್ನೂ ತಟ್ಟಿದ. ಠಣ್ ಎಂದಿತು.

"ಇಂಗೆ ಕೇಳಿಸೋವರ್ಗೂ ಉಳಿ ತಾಕಿಸ್ಬೇಡ."

ಆಮೇಲೆ ಇದ್ದಿಲು ತರಿಸಿದ. ಹಿಡಿಯ ಜಾಗಕ್ಕೆ ಅಭ್ಯಾಸದಂತೆ ತನ್ನ ಮುಷ್ಟಿಯಿಟ್ಟು ಗೆರೆ ಎಳೆದ, ನೋಡಿದ, ಉಗುಳು ಹಚ್ಚಿ ಅಳಿಸಿದ. "ಕೈ ಕೊಡು," ಎಂದ. ಅವಳ ಮುಷ್ಟಿಯ ಎರಡೂ ಬದಿಗೆ ಗೆರೆ ಎಳೆದ. ಅಲ್ಲಿಂದ ಒಂದು ತುದಿಯವರೆಗೆ ಎಲ್ಲಿ ತೆಳುವಾಗಬೇಕು ಎಂದು ಗುರುತು ಹಾಕುವಷ್ಟರಲ್ಲಿ ಕೆಮ್ಮು ಹತ್ತಿತು. ಇದ್ದಿಲು ಕೈಯಿಂದ ಬಿತ್ತು. ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಗಂಗರತ್ನಮ್ಮ ಅವನ ಎದೆ ನೀವಿದಳು. ಉಸಿರು ಹದಕ್ಕೆ ಬಂದ ಮೇಲೆ ಇದ್ದಿಲು ಎತ್ತಿಕೊಂಡು, ಗೇಣಿನಲ್ಲಿ ಅಳೆದು, ಇನ್ನೊಂದು ತುದಿಗೆ ತಾನೇ ಗುರುತು ಹಾಕಿದಳು.

ಅವನು ಕಣ್ಣು ತೆರೆದು ಅವಳ ಗುರುತು ನೋಡಿದ.

"ಅರ್ಧ ಬೆರಳು ಒಳಕ್ಕೆ," ಎಂದ.