ಮಟಮಟ ಪಾದ್ರಿಯ ಮೊದಲ ಬೇಸಿಗೆ

ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕಂತೆ. ಆಡೋಣ. ಆದರೆ ಮಣ್ಣು ಮಾಡಿ ವಾರ ಕಳೆಯುವುದರೊಳಗೆ ಜನ ನಮ್ಮ ಪಾದ್ರಿಯನ್ನು ಸಂತನ ಪೀಠಕ್ಕೆ ಹತ್ತಿಸಲು ಏಣಿ ತಂದಾಗಿದೆ. ನಿನ್ನೆ ಸೌದೆ ಡಿಪೋದವನು, 'ಅವರು ಕಾಲಿಟ್ಟ ದಿನವೇ ಬೀದಿಗೆ ಕಳೆ ಬಂತು' ಎಂದು ಕಣ್ಣೊರೆಸಿಕೊಂಡ. ಶುದ್ಧ ಸುಳ್ಳು. ಆ ವರ್ಷ ಬೀದಿಗೆ ಬೀದಿಯೇ ಪಾದ್ರಿಗೆ ಹಿಡಿಶಾಪ ಹಾಕುತ್ತಿತ್ತು, ಅದರಲ್ಲಿ ಡಿಪೋದವನ ಗಂಟಲೇ ಎಲ್ಲಕ್ಕಿಂತ ದೊಡ್ಡದು. ಈ ಹೊಗಳಿಕೆ ಕಿವಿಗೆ ಬಿದ್ದಿದ್ದರೆ ಪಾದ್ರಿ ಎದ್ದು ಕೂತು ನಗುತ್ತಿದ್ದ. ಬೀಳುವುದಿಲ್ಲವಲ್ಲ, ಅದೇ ಸಂಕಟ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆದಿಡುವುದು ವಾಸಿ. ಇದೆಲ್ಲ ಅವನೇ ಹೇಳಿದ್ದು. ಹೇಳಿದಾಗಲೆಲ್ಲ ತನ್ನ ಪೆದ್ದುತನಕ್ಕೆ ಒಂದಿಷ್ಟು ಒಗ್ಗರಣೆ ಸೇರಿಸುತ್ತಿದ್ದ.

ಬಂದಾಗ ಅವನಿಗೆ ಮೀಸೆ ಕೂಡ ನೆಟ್ಟಗೆ ಚಿಗುರಿರಲಿಲ್ಲ. ಚಳಿಯ ದೇಶದ ಹುಡುಗ. ಮೈಮೇಲೆ ಕಪ್ಪು ಉಣ್ಣೆಯ ನಿಲುವಂಗಿ, ಅದರೊಳಗೆ ಕುತ್ತಿಗೆಯಿಂದ ಸೊಂಟದವರೆಗೆ ಬೆವರುಸಾಲೆ. ದೇವರ ಮಾತು ಆಡುತ್ತಾ ಆಡುತ್ತಾ ಗೋಡೆಗೆ ಬೆನ್ನು ಉಜ್ಜಿಕೊಳ್ಳುವ ಬೋಧಕನನ್ನು ಬೀದಿ ಅದುವರೆಗೂ ನೋಡಿರಲಿಲ್ಲ. ಪ್ರಾರ್ಥನೆಗೆಂದು ಅವನಿಗೆ ಸಿಕ್ಕಿದ್ದು ಹಳೆಯ ಎಣ್ಣೆ ಗೋದಾಮು. ಮೇಲೆ ತಗಡು, ಕೆಳಗೆ ಜಿಡ್ಡು, ನಡುವೆ ಖಾಲಿ ಬೆಂಚುಗಳು.

ಅವನನ್ನು ಬಿಟ್ಟುಹೋಗಲು ಬಂದಿದ್ದ ಹಿರಿಯ ಪಾದ್ರಿ ಮಾತನ್ನು ಸುತ್ತಿ ಬಳಸಿ ಹೇಳುವವರಲ್ಲ. "ಮಳೆ ಹಿಡಿಯೋ ಹೊತ್ತಿಗೆ ಬರ್ತೀನಿ. ಬೆಂಚಿನ ಮೇಲೆ ಜನ ಇರಬೇಕು. ಇಲ್ಲದಿದ್ರೆ ಗೋದಾಮಿಗೂ ಬೀಗ, ನಿನಗೂ ಹಡಗು," ಎಂದು ಹೋಗಿದ್ದರು. ಹಡಗು ಹತ್ತುವುದೆಂದರೆ ಅಣ್ಣನ ಮುಂದೆ ಇಳಿಯುವುದು. ಹೊರಡುವ ಹಿಂದಿನ ದಿನ ಊಟಕ್ಕೆ ಕೂತಾಗ ಅಣ್ಣ, "ಇವನು ಪಕ್ಕದ ಬೀದಿಗೆ ಹೋದರೂ ಅಳ್ತಾ ವಾಪಸ್ ಬರೋನು. ಇವನ ತಟ್ಟೆ ತೆಗೀಬೇಡಿ," ಎಂದಿದ್ದ. ಎಲ್ಲರೂ ನಕ್ಕಿದ್ದರು, ಅಮ್ಮನೂ.

ಬೆಂಚು ತುಂಬಿಸಬೇಕು, ಹೇಗೆ? ಬೆಳಗ್ಗೆ ಜನ ಕೆಲಸದಲ್ಲಿ, ಸಂಜೆ ಮಾರುಕಟ್ಟೆಯಲ್ಲಿ. ಒಂದು ದಿನ ಅವನಿಗೆ ಜ್ಞಾನೋದಯವಾಯಿತು: ನಡುಮಧ್ಯಾಹ್ನ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಅಂದರೆ ಎಲ್ಲರೂ ಮನೆಯಲ್ಲೇ ಇದ್ದಾರೆ! ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟ. ಅವನು ಬಾಡಿಗೆಗಿದ್ದ ಕೋಣೆಯ ಮನೆಯೊಡತಿ ಮೆಟ್ಟಿಲ ಬಳಿ ತಡೆದಳು.

"ಈ ಉರಿಬಿಸಿಲಲ್ಲಿ ಎಲ್ಲಿಗೆ ತಮ್ಮಾ?"

"ಮನೆ ಮನೆಗೆ ಅಮ್ಮ. ಈಗ ಎಲ್ಲರೂ ಸಿಗ್ತಾರೆ."

"ಸಿಗ್ತಾರೆ. ಮಲಗಿರ್ತಾರೆ."

"ಹಗಲು ಹೊತ್ತಿನಲ್ಲಾ? ಹುಷಾರಿಲ್ವಾ?"

"ಹುಷಾರಾಗಿರಬೇಕು ಅಂತಲೇ ಮಲಗೋದು. ಈ ಹೊತ್ತಲ್ಲಿ ಕಳ್ಳನೂ ಕದಿಯಲ್ಲ ಕಣಪ್ಪಾ."

ಅವನು ಕೇಳಲಿಲ್ಲ. ಊರಿಗೆ ಊರೇ ಸೋಮಾರಿತನದ ಪಾಪದಲ್ಲಿ ಬಿದ್ದಿದೆ, ಎಬ್ಬಿಸಲು ದೇವರೇ ತನ್ನನ್ನು ಕಳಿಸಿದ್ದಾನೆ ಎಂದುಕೊಂಡ. ಒಂದೊಂದೇ ಬಾಗಿಲು ಬಡಿಯುತ್ತಾ ಹೋದ. ತೆರೆದವರು ಅರ್ಧ ಕಣ್ಣಲ್ಲಿ ನೋಡಿ ಮುಚ್ಚಿದರು. ಕೆಲವರು ತೆರೆಯಲೇ ಇಲ್ಲ. ಒಂದು ಮನೆಯ ಸೊಸೆ ಒಳಗಿಂದಲೇ, "ಮನೇಲಿ ಯಾರೂ ಇಲ್ಲ," ಎಂದಳು.

"ಮತ್ತೆ ನೀವು?"

"ನಾನೂ ಇಲ್ಲ."

ಬೀದಿ ಅವನಿಗೆ 'ಮಟಮಟ' ಎಂದು ಹೆಸರಿಟ್ಟಿತು. ಮಟಮಟ ಮಧ್ಯಾಹ್ನ ತಪ್ಪದೆ ಬರುತ್ತಿದ್ದದ್ದು ಸೂರ್ಯ ಮತ್ತು ಅವನು, ಇಬ್ಬರೇ. ಮಲಗದ ಮಕ್ಕಳಿಗೆ ತಾಯಂದಿರು, "ಸುಮ್ನೆ ಕಣ್ಮುಚ್ಚು, ಮಟಮಟ ಬರ್ತಾನೆ," ಎಂದು ಹೆದರಿಸತೊಡಗಿದರು.

ಎಲ್ಲರಿಗಿಂತ ಹೆಚ್ಚು ನರಳಿದವನು ಬೇಕರಿಯವನು. ರಾತ್ರಿಯಿಡೀ ಒಲೆಯ ಮುಂದೆ ಬೆಂದು, ಬೆಳಗ್ಗೆ ಬ್ರೆಡ್ಡು ಸಾಗಿಸಿ, ಹೆಂಡತಿಗೆ ಅಂಗಡಿ ಒಪ್ಪಿಸಿ ಮಲಗುವವನು. ಅವನ ಪಾಲಿಗೆ ಮಧ್ಯಾಹ್ನವೇ ನಡುರಾತ್ರಿ. ಮೊದಲ ಸಲ ಬೈದ. ಎರಡನೆಯ ಸಲ ಹಿಟ್ಟು ನಾದುವ ಕೈಯನ್ನು ಮುಷ್ಟಿ ಕಟ್ಟಿ ತೋರಿಸಿದ. ಆಮೇಲೊಂದು ದಿನ ಬಾಗಿಲು ಬಡಿದ ಸದ್ದಿನ ಬದಲು ಏನೋ ಧೊಪ್ಪೆಂದು ಬಿದ್ದ ಸದ್ದು ಕೇಳಿ ಎದ್ದು ಬಂದ. ಹೊಸಿಲಿಗೆ ತಲೆಕೊಟ್ಟು ಪಾದ್ರಿ ಬಿದ್ದಿದ್ದ. ಮುಖ ಬೀಟ್‌ರೂಟಿನ ಹಾಗೆ.

ಪಾದ್ರಿಗೆ ಎಚ್ಚರವಾದಾಗ ಹಿಟ್ಟಿನ ಚೀಲಗಳ ಮೇಲೆ ಮಲಗಿದ್ದ. ನಿಲುವಂಗಿ ಮೊಳೆಗೆ ನೇತಾಡುತ್ತಿತ್ತು. ಬೇಕರಿಯವನು ಬಿಂದಿಗೆಯ ನೀರನ್ನು ಸುರಿಯುತ್ತಿದ್ದ, ಗಿಡಕ್ಕೆ ಸುರಿದಂತೆ.

"ಸಾಯೋಕೆ ನನ್ನ ಬಾಗಿಲೇ ಬೇಕಿತ್ತೇನೋ ನಿನಗೆ? ಡಿಪೋದವನ ಬಾಗಿಲು ಏನು ಪಾಪ ಮಾಡಿತ್ತು?"

"ಬೈಬೇಡಿ, ಮೊದಲು ನೀರು ಕುಡೀಲಿ," ಎಂದಳು ಹೆಂಡತಿ.

"ಕುಡೀತಾನೇ ಬೈಸ್ಕೊಳ್ಳಲಿ. ಕಿವಿ ಖಾಲಿ ಇದೆಯಲ್ಲ!"

ಪಾದ್ರಿ ಗಳಗಳನೆ ಅತ್ತುಬಿಟ್ಟ. ಮಳೆ, ಬೆಂಚು, ಹಡಗು, ಅಣ್ಣ, ಎಲ್ಲವೂ ಹೊರಬಂತು. ಬೇಕರಿಯವನು ಆಕಳಿಸುತ್ತಲೇ ಕೇಳಿಸಿಕೊಂಡ.

"ಅಷ್ಟೇನಾ? ನೋಡು ಪಾದ್ರಿ, ಭಾನುವಾರ ನಾನು ಬಂದು ನಿನ್ನ ಬೆಂಚಿನ ಮೇಲೆ ಕೂರ್ತೀನಿ. ನೀನು ಮಧ್ಯಾಹ್ನ ಈ ಬೀದಿಗೆ ಕಾಲಿಡಬಾರದು. ಆಯ್ತಾ?"

ಸುದ್ದಿ ಸಂಜೆಯೊಳಗೆ ಬೀದಿ ಸುತ್ತಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಇಷ್ಟು ಸುಲಭದ ಮದ್ದು ಇದೆಯೆಂದು ಯಾರಿಗೆ ಗೊತ್ತಿತ್ತು? ಭಾನುವಾರ ಗೋದಾಮು ತುಂಬಿತು. ಡಿಪೋದವನು ಸಂಸಾರ ಸಮೇತ ಬಂದ. ಮನೆಯಲ್ಲಿ ಇಲ್ಲದ ಸೊಸೆಯೂ ಬಂದಳು. ಪಾದ್ರಿ ಬಾಯಿ ತೆರೆದ, ಬೇಕರಿಯವನು ಕಣ್ಣು ಮುಚ್ಚಿದ. ಬರಬರುತ್ತಾ ಉಳಿದವರೂ ಅದನ್ನೇ ಕಲಿತರು. ಗೊರಕೆಗಳ ಮೇಲೆ ದನಿ ಎತ್ತರಿಸಿ ಪಾದ್ರಿ ಇಡೀ ಬೇಸಿಗೆ ಬೋಧಿಸಿದ. ಮನೆಗೆ ಹೋದ ಮೇಲೆ ಮಾತ್ರ ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಇದು ಸಭೆಯಲ್ಲ, ಸುಲಿಗೆ ಎಂದು ಒಳಗೆ ಯಾರೋ ಕುಟುಕುತ್ತಿದ್ದರು.

ಮೊದಲ ಮೋಡದ ಜೊತೆಗೆ ಹಿರಿಯ ಪಾದ್ರಿ ಬಂದರು. ತುಂಬಿದ ಬೆಂಚುಗಳನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

"ಭೇಷ್! ಅದು ಹೇಗಪ್ಪಾ ಸಾಧಿಸಿದೆ?"

ದೇವರ ದಯೆ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಹೇಳುವ ರೂಢಿಯೂ ಉಂಟು. ಆದರೆ ನಮ್ಮವನಿಗೆ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಲು ಕೊನೆಯವರೆಗೂ ಬರಲಿಲ್ಲ.

"ಇವರು ಬರೋದು ನನ್ನ ಮಾತಿಗಲ್ಲ ಫಾದರ್. ನಾನು ಮಧ್ಯಾಹ್ನ ಬಾಗಿಲು ಬಡೀಬಾರದು ಅಂತ."

ಹಿರಿಯರ ಮುಖ ಸಪ್ಪಗಾಯಿತು. "ಹಾಗಾದ್ರೆ ಪೆಟ್ಟಿಗೆ ಕಟ್ಟು."

ಗೊರಕೆಗಳು ಒಮ್ಮೆಲೇ ನಿಂತವು. ಮನೆಯೊಡತಿ ಎದ್ದಳು. "ಸ್ವಾಮೀ, ಇವನ ಜಾಗಕ್ಕೆ ಇನ್ನೊಬ್ಬನ್ನ ಕಳಿಸ್ತೀರಾ?"

"ಕಳಿಸಬಹುದು ತಾಯಿ."

"ಅವನೂ ಮಧ್ಯಾಹ್ನವೇ ಬರ್ತಾನಾ?"

ಹಿರಿಯರೂ ಸುಳ್ಳು ಹೇಳುವ ಜಾತಿಯಲ್ಲ. "ಹೊಸದರಲ್ಲಿ ಎಲ್ಲರೂ ಹಾಗೇ. ನಾನೂ ಬಡೀತಿದ್ದೆ."

ಬೇಕರಿಯವನು ಬೆಂಚಿನ ಮೇಲೇ ಹತ್ತಿ ನಿಂತ. "ಏನ್ ಸ್ವಾಮಿ ಇದು! ಇವನನ್ನ ಪಳಗಿಸೋಕೆ ಒಂದು ಬೇಸಿಗೆ ಪೂರ್ತಿ ಹೋಯ್ತು. ಇನ್ನೊಬ್ಬನ್ನ ಕಟ್ಟಿದ್ರೆ ಮತ್ತೆ ಅಆಇಈಯಿಂದ ಶುರು ಮಾಡಬೇಕಾ? ನಮಗೆ ಹೊಟ್ಟೆಪಾಡಿಲ್ವಾ?"

"ಪಳಗಿದ್ದನ್ನ ಬಿಟ್ಟುಕೊಡಲ್ಲ," ಎಂದ ಡಿಪೋದವನು. ಆ ದಿನ ಅವನ ದೊಡ್ಡ ಗಂಟಲು ಉಪಯೋಗಕ್ಕೆ ಬಂತು.

ಹಿರಿಯರು ನಗು ತಡೆಯಲು ಕೆಮ್ಮಿದರು, ಆಗಲಿಲ್ಲ. ಇನ್ನೊಂದು ಬೇಸಿಗೆ ನೋಡೋಣ ಎಂದರು. ಅವರನ್ನು ಕಳಿಸಿ ಬಂದ ನಮ್ಮ ಪಾದ್ರಿ ಎಲ್ಲರಿಗೂ ಕೇಳುವಂತೆ ಹೇಳಿದ: "ಇನ್ನು ಮುಂದೆ ಯಾರೂ ಹೆದರಿ ಬರಬೇಡಿ. ನೀವು ಬಂದರೂ ಬರದಿದ್ದರೂ ಮಧ್ಯಾಹ್ನ ನಾನು ಯಾರ ಬಾಗಿಲನ್ನೂ ಬಡಿಯಲ್ಲ. ಮಾತು ಕೊಟ್ಟೆ."

ಜನ ಅವನ ಮಾತನ್ನು ನಂಬಿದರು. ಅದೇ ಎಡವಟ್ಟಾಯಿತು. ಮುಂದಿನ ಭಾನುವಾರ ಒಂದು ನೊಣವೂ ಬರಲಿಲ್ಲ. ಮಳೆ ತಗಡಿನ ಮೇಲೆ ಕುಟ್ಟುತ್ತಿತ್ತು. ಅವನು ಖಾಲಿ ಬೆಂಚುಗಳಿಗೆ ಬೋಧಿಸಲು ನಿಂತ. ಅಣ್ಣ ಹೇಳಿದ್ದೇ ಸರಿ, ತನ್ನನ್ನು ಬೇಕೆಂದು ಕೇಳುವವರು ಇಲ್ಲೂ ಇಲ್ಲ ಎಂದುಕೊಂಡು ಪುಸ್ತಕ ಮುಚ್ಚಲು ಹೊರಟಿದ್ದ. ಬೇಕರಿಯವನು ತಲೆಗೆ ಖಾಲಿ ಚೀಲ ಹೊದ್ದು ಒಳಗೆ ಬಂದ.

"ಎಲ್ಲರಿಗೂ ರಜಾ ಕೊಟ್ಟಿರಂತೆ?"

"ನಿಮಗೂ ಕೊಟ್ಟಿದ್ದೀನಿ."

"ಗೊತ್ತು." ಅವನು ಮುಂದಿನ ಬೆಂಚಿನ ಮೇಲೆ ಕೂತು ಕಾಲು ಚಾಚಿದ. "ಹೋದ ವಾರ ಬೋಧನೆ ಮಧ್ಯೆ ನಿಮ್ಮ ಚಿಕ್ಕಪ್ಪ ಹಿಮದಲ್ಲಿ ದಾರಿ ತಪ್ಪಿಸ್ಕೊಂಡ ಅಂತ ಹೇಳ್ತಿದ್ರಲ್ಲ, ಅಷ್ಟೊತ್ತಿಗೆ ನಿದ್ದೆ ಎಳೀತು. ವಾರವೆಲ್ಲ ತಲೇಲಿ ಅದೇ. ಸಿಕ್ಕಿದ್ನಾ?"

"ಸಿಕ್ಕಿದ."

"ಎಲ್ಲಿ?"

"ಹೆಂಡದಂಗಡೀಲಿ."

ಬೇಕರಿಯವನು ತೊಡೆ ತಟ್ಟಿಕೊಂಡು ನಕ್ಕ. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದ: "ಬಾರೇ ಒಳಗೆ, ಬದುಕಿದ್ದಾನಂತೆ! ಅವರನ್ನೂ ಕರಿ!"

ಸೂರಿನಡಿ ಸೆರಗು ಹಿಂಡುತ್ತಾ ಬೇಕರಿಯವನ ಹೆಂಡತಿ ನಿಂತಿದ್ದಳು. ಅವಳ ಹಿಂದೆ ಮನೆಯೊಡತಿ, ಅವಳ ಹಿಂದೆ ಛತ್ರಿ ಮಡಿಸಲು ಬಾರದೆ ಒದ್ದಾಡುತ್ತಿದ್ದ ಡಿಪೋದವನು. ಅವರೆಲ್ಲ ಕೂತು ಮುಗಿಯುವವರೆಗೂ ಪಾದ್ರಿ ಕಾದ. ಆಮೇಲೆ ಪುಸ್ತಕವನ್ನು ಪಕ್ಕಕ್ಕಿಟ್ಟು, ಚಿಕ್ಕಪ್ಪ ಮನೆಯಿಂದ ಹೊರಟಲ್ಲಿಂದ ಶುರು ಮಾಡಿದ.