ಎರಡು ಕಾಡತೂಸು, ಒಂದು ಗವಾ

ಮೊನ್ನೆ ಹೆಂಡತಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಆ ತೆಳು ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅದೇ ವಾಸನೆ ತುಂಬಿದ್ದ ಬೆಳಗಾವಿಯ ಒಂದು ಬಂದೂಕಿನ ಅಂಗಡಿ ಕಣ್ಣೆದುರು ಬಂತು. ನನಗೂ ಬಂದೂಕಿಗೂ ಏನು ಸಂಬಂಧ ಎಂದು ನೀವು ಕೇಳಿದರೆ ತಪ್ಪಿಲ್ಲ. ನಮ್ಮದು ಸದಲಗಾದ ಜೈನರ ಮನೆ. ನೀರು ಸೋಸಿ ಕುಡಿಯುವವರು, ಹೊತ್ತು ಮುಳುಗುವ ಮೊದಲೇ ಉಂಡು ಏಳುವವರು. ಜಿರಳೆ ಕಂಡರೆ ಅದನ್ನು ಕಸಬರಿಗೆಯ ಮೇಲೆ ಹತ್ತಿಸಿಕೊಂಡು ಮರ್ಯಾದೆಯಿಂದ ಹೊರಗೆ ಬಿಟ್ಟು ಬರುತ್ತೇವೆ. ನಾವು ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಅದು ಒಳಗೆ ಬಂದಿರುತ್ತದೆ, ಆ ಮಾತು ಬೇರೆ.

ಇಂಥ ಮನೆಯಲ್ಲಿ ನಮ್ಮ ಬಾಳಗೌಡ ಕಾಕಾ ದೊಡ್ಡ ಬೇಟೆಯ ಪಂಡಿತರಾದದ್ದು ಫೋನಿನಿಂದ. ಅಪ್ಪ ಪ್ರವಚನ ಕೇಳಲಿ ಎಂದು ಮಗಳು ಹೊಸ ಫೋನು ಕೊಡಿಸಿದ್ದಳು. ಕೆಲವು ದಿನ ಕೇಳಿದರು ಕೂಡ. ಆಮೇಲೆ ಬೆರಳು ಎಲ್ಲಿ ಜಾರಿತೋ, ಯಾವುದೋ ದೂರದೇಶದ ಬೇಟೆಗಾರನೊಬ್ಬ ಎರಡು ಕಾಡತೂಸುಗಳನ್ನು ಮೇಜಿನ ಮೇಲೆ ನಿಲ್ಲಿಸಿ, ದೊಡ್ಡ ಪ್ರಾಣಿಗೆ ಇದು ಒಳ್ಳೆಯದೋ ಅದು ಒಳ್ಳೆಯದೋ ಎಂದು ವಿವರಿಸುವ ವಿಡಿಯೋ ತೆರೆದುಕೊಂಡಿತು. ಕಾಕಾ ಅಲ್ಲೇ ಸಿಕ್ಕಿಬಿದ್ದರು.

"ಬಸದಿಗಿ ಹೋಗಿ ಬಂದ ಬಾಯಾಗ ಆನಿ ಹೊಡ್ಯೋ ಮಾತು! ಹೆಂಗರ ಬರ್ತೈತಿ ನಿಮಗ?" ಎಂದು ಕಾಕಿ ಬೈಯುತ್ತಿದ್ದರು.

"ಹೊಡ್ಯಾವ್ರು ಅವ್ರು. ನಾ ಬರೇ ಲೆಕ್ಕಾ ಕೇಳ್ತೇನಿ" ಎಂದು ಕಾಕಾ ಉತ್ತರಿಸುತ್ತಿದ್ದರು.

ಲೆಕ್ಕ ಕೇಳಿದರೆ ಸಾಲದು, ವಾದಕ್ಕೆ ಎದುರಾಳಿ ಬೇಕು. ಆ ಕೊರತೆ ನೀಗಿಸಿದವರು ಕಾಕಾರ ಬಾಲ್ಯದ ಗೆಳೆಯ, ಪಕ್ಕದೂರು ಭೋಜದ ದತ್ತಾಜಿ ಮಾಮಾ. ಸೈನ್ಯದಿಂದ ನಿವೃತ್ತರಾದವರು. ಅಲ್ಲಿ ಅವರು ಅಡಿಗೆ ವಿಭಾಗದಲ್ಲಿದ್ದರೆಂಬುದನ್ನು ಸಾಮಾನ್ಯವಾಗಿ ಯಾರೂ ಎತ್ತುತ್ತಿರಲಿಲ್ಲ. ಅವರ ಕಬ್ಬಿಗೆ ಹಂದಿಗಳ ಕಾಟ ಹೆಚ್ಚಾಗಿ, ಬೆಳೆ ರಕ್ಷಣೆಗೆಂದು ಬಂದೂಕಿನ ಲೈಸನ್ಸು ಕೇಳಿದ್ದರು. ಯಾರೂ ಎಣಿಸದಿದ್ದರೂ ಅದು ಮಂಜೂರಾಗಿಬಿಟ್ಟಿತು. ಇನ್ನು ಗೊತ್ತುಪಡಿಸಿದ ಅವಧಿಯೊಳಗೆ ರೈಫಲ್ ಕೊಳ್ಳಬೇಕು. ಯಾವ ರೈಫಲ್ ಎಂಬುದು ಯಾವ ಕಾಡತೂಸು ಎಂಬುದರ ಮೇಲೆ ನಿಂತಿತ್ತು. ಅಲ್ಲಿಗೆ ಇಬ್ಬರ ಊಟ ನಿದ್ದೆ ಕೆಟ್ಟಿತು.

ಕಾಕಾರದು ತ್ರೀ ಫಿಫ್ಟೀನ್ ಕಾಡತೂಸಿನ ಪಕ್ಷ. ಅದರ ಗುಂಡು ಮೊಂಡು ಮೂಗಿನದು, ಭಾರ. ಮಾಮಾರದು ಥರ್ಟಿ ನಾಟ್ ಸಿಕ್ಸ್ ಪಕ್ಷ. ಅದು ಚೂಪು ಮೂಗಿನದು, ವೇಗ ಹೆಚ್ಚು.

"ಲೇ ದತ್ತ್ಯಾ, ದೊಡ್ಡ ಪ್ರಾಣಿಗಿ ವಜನ ಬೇಕೋ. ಎತ್ತಿನ ಗಾಡಿ ಹಾದಂಗ ಹಾದು ಹೋಗಬೇಕು."

"ಬಾಳ್ಯಾ, ನಿನ್ನ ಗಾಡಿ ಮುಟ್ಟೂದ್ರಾಗ ಪ್ರಾಣಿ ನಿಪ್ಪಾಣಿ ದಾಟಿರ್ತೈತಿ!"

ಇಬ್ಬರೂ ನನ್ನ ಕಡೆ ತಿರುಗಿ ತೀರ್ಪು ಕೇಳುತ್ತಿದ್ದರು. ಫೋನಿನ ಪರದೆಯಲ್ಲಿ ನನಗೆ ಎರಡೂ ಲಿಪ್‌ಸ್ಟಿಕ್ಕಿನಂತೆ ಕಾಣುತ್ತಿದ್ದವು. ಕಾಕಾ ಹೇಳಿದಾಗ ಒಮ್ಮೆ, ಮಾಮಾ ಹೇಳಿದಾಗ ಒಮ್ಮೆ ತಲೆಯಾಡಿಸಿ, ಏನೋ ಕೆಲಸ ನೆನಪಾದವನಂತೆ ಎದ್ದುಬಿಡುತ್ತಿದ್ದೆ.

ಅವಧಿ ಮುಗಿಯುತ್ತ ಬಂದಾಗ ಇಬ್ಬರನ್ನೂ ಕಾರಿನಲ್ಲಿ ಬೆಳಗಾವಿಗೆ ಕರೆದೊಯ್ದವನು ನಾನೇ. ಅಂಗಡಿಯ ಮಾಲೀಕ ಶಾಂತ ಮನುಷ್ಯ. ಎರಡೂ ಕಾಡತೂಸುಗಳನ್ನು ಗಾಜಿನ ಮೇಲೆ ನಿಲ್ಲಿಸಿದ. ನಮ್ಮ ಪಂಡಿತರಿಬ್ಬರೂ ಮೊದಲ ಸಲ ಅವನ್ನು ಕಣ್ಣಾರೆ ನೋಡುತ್ತಿದ್ದರು. ಬಸದಿಯಲ್ಲಿ ನಿಂತಂತೆ ಕಾಕಾ ಕೈಜೋಡಿಸುವರೇನೋ ಎಂದು ನನಗೆ ಗಾಬರಿಯಾಯಿತು.

"ಏನ್ ಹೊಡ್ಯೋದೈತ್ರಿ?" ಎಂದು ಮಾಲೀಕ ಕೇಳಿದ.

"ಹೊಡ್ಯೋದೇನೂ ಇಲ್ರಿ" ಎಂದರು ಕಾಕಾ. "ಹೊಡದ್ರ ಯಾವ್ದು ಚಲೋ, ಅದನ್ನ ಹೇಳ್ರಿ."

"ಹಂದಿ ಬೆದರಸಾಕ ಇಷ್ಟ್ ದೊಡ್ಡದು ಬೇಕಾಗಿಲ್ರಿ, ಸಾದಾ ಬಂದೂಕು ಸಾಕು" ಎಂದು ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಸಾದಾ! ಇಬ್ಬರ ಮುಖವೂ ಒಟ್ಟಿಗೆ ಕೆಂಪಾಯಿತು. ಅಲ್ಲಿಯತನಕ ಒಂದು ಮಾತಿಗೂ ಒಪ್ಪದ ಗೆಳೆಯರು ಅವನಿಗೆ ಏನೂ ತಿಳಿಯದು ಎಂಬುದರಲ್ಲಿ ತಕ್ಷಣ ಒಂದಾದರು. ಚಹಾ ಕುಡಿದು ಬರಿಗೈಯಲ್ಲಿ ಹೊರಟೆವು. ಚಿಕ್ಕೋಡಿ ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ವಜನ ಮತ್ತು ವೇಗ ಮತ್ತೆ ಜಗಳಕ್ಕೆ ಬಿದ್ದಿದ್ದವು.

ಆ ವಾರದಲ್ಲೇ ಒಂದು ಬೆಳಿಗ್ಗೆ ನಾನು ಕಾಕಾರ ಮನೆಯಲ್ಲಿದ್ದಾಗ ಭೋಜದಿಂದ ಮಾಮಾರ ಫೋನು. "ಬಾಳ್ಯಾ, ಗವಾ ಬಂದೈತಿ! ನಮ್ಮ ಕಬ್ಬಿನ್ಯಾಗ!"

ಗವಾ ಎಂದರೆ ನಮ್ಮ ಕಡೆ ಕಾಡುಕೋಣ. ಆಚೆ ಘಟ್ಟದ ಕಾಡಿನಿಂದ ದಾರಿ ತಪ್ಪಿ ಅಪರೂಪಕ್ಕೆ ಒಂದು ಇತ್ತ ಬರುವುದುಂಟು. ಕಾಕಾ ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ತಮ್ಮದು ಹಾಕಿಕೊಂಡು ಕಾರು ಹತ್ತಿದರು.

ಹೊಲದಲ್ಲಿ ಜಾತ್ರೆಯಷ್ಟು ಜನ. ಎಲ್ಲರ ಕೈಯಲ್ಲೂ ಫೋನು. ಅರಣ್ಯ ಇಲಾಖೆಯವರು ದಾರಿಯಲ್ಲಿದ್ದರು. ಯಾರೋ ಕೂಗಿದ: "ಮಾಮಾ, ನಿಮ್ಮ ಬಂದೂಕು ಎಲ್ಲೈತ್ರಿ?"

"ತಗೋಳಾಕತ್ತೇವಿ" ಎಂದು ಮಾಮಾ ಗಂಭೀರವಾಗಿ ಹೇಳಿದರು.

ಅಷ್ಟರಲ್ಲಿ ಕಬ್ಬು ಎರಡಾಗಿ ಸೀಳಿತು. ಅದು ಹೊರಗೆ ಬಂದು ನಿಂತಿತು. ಅಷ್ಟು ದೊಡ್ಡ ಪ್ರಾಣಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೊಂಬಿನಲ್ಲಿ ಕಬ್ಬಿನ ರವದಿಯ ಒಣಗರಿ ಸಿಕ್ಕಿಕೊಂಡಿತ್ತು. ಪಕ್ಕೆಗಳು ತಿದಿಯಂತೆ ಏರಿಳಿಯುತ್ತಿದ್ದವು. ಬಾಯಲ್ಲಿ ನೊರೆ. ಎಲ್ಲಿಂದಲೋ ಜನ ಓಡಿಸಿಕೊಂಡು ಬಂದಿದ್ದರು, ಪಾಪ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದ. ಬೆದರಿದ ಗವಾ ನೇರ ನಮ್ಮ ಬದುವಿನ ಕಡೆಗೇ ನುಗ್ಗಿತು.

ಜನ ದಿಕ್ಕಾಪಾಲಾದರು. ನಾನು ಎಲ್ಲರಿಗಿಂತ ಮುಂದಿದ್ದೆ, ಓಡುವುದರಲ್ಲಿ. ತಿರುಗಿ ನೋಡಿದರೆ ಮಾಮಾರ ಕಾಲು ನೀರು ಹಾಯಿಸಿದ ಕೆಸರಿನಲ್ಲಿ ಮೊಣಕಾಲತನಕ ಹೂತಿದೆ. ಓಡಿ ಪಾರಾಗಿದ್ದ ಕಾಕಾ ವಾಪಸ್ಸು ಓಡುತ್ತಿದ್ದಾರೆ! "ದತ್ತ್ಯಾ!" ಎಂದು ಚೀರಿ, ಗೆಳೆಯನ ನಡುವಿಗೆ ಕೈಹಾಕಿ, ಆತನನ್ನು ಬದಿಯ ಕಾಲುವೆಗೆ ಕೆಡವಿ ತಾವೂ ಮೇಲೆ ಬಿದ್ದರು. ಗವಾ ಒಂದೇ ನೆಗೆತಕ್ಕೆ ಕಾಲುವೆಯನ್ನೂ ಇಬ್ಬರನ್ನೂ ದಾಟಿ ನದಿಯ ಕಡೆ ಹೋಯಿತು. ಆಮೇಲೆ ಬಂದ ಅರಣ್ಯದವರು ಜನರನ್ನು ಗದರಿಸಿ ಮನೆಗೆ ಕಳಿಸಿ, ಅದು ಬಂದ ದಿಕ್ಕಿಗೇ ಅದನ್ನು ಸಾಗಹಾಕಿದರು.

ನಾನು ಹೋಗಿ ಎಬ್ಬಿಸುವಾಗ ಇಬ್ಬರೂ ಕೆಸರಿನ ಗೊಂಬೆಗಳಾಗಿದ್ದರು. ಕಾಕಾರ ಕೈ ಇನ್ನೂ ಮಾಮಾರ ಅಂಗಿಯನ್ನು ಬಿಟ್ಟಿರಲಿಲ್ಲ.

"ದತ್ತ್ಯಾ, ಅದರ ಕಣ್ಣು ನೋಡಿದೇನೋ?"

"ನಾ ನಂದs ಮುಚ್ಚಿದ್ನೋ."

ಕಾಕಾ ಮುಖದ ಕೆಸರು ಒರೆಸಿಕೊಂಡು ಹೇಳಿದರು: "ಅಂಜಿತ್ತೋ ಅದು. ನಮಗಿಂತ ಜಾಸ್ತಿ ಅಂಜಿತ್ತು. ಅದಕ್ಕ ಎರಡೂ ಗುಂಡು ಬ್ಯಾಡ."

ಲೈಸನ್ಸಿನ ಅವಧಿ ಮುಗಿಯಿತು. ರೈಫಲ್ ಬರಲಿಲ್ಲ.

ಎಲ್ಲರಿಗೂ ನೆಮ್ಮದಿಯಾಗಬೇಕಿತ್ತು. ಆದರೆ ಗೆಳೆಯರಿಗೆ ವಾದಿಸಲು ಏನೂ ಉಳಿಯಲಿಲ್ಲ. ಮಾಮಾ ಬರುವರು, ಕಟ್ಟೆಯ ಮೇಲೆ ಕೂಡುವರು, ಹವಾಮಾನದ ಬಗ್ಗೆ ಒಂದು ಮಾತು, ಚಹಾ, ಎದ್ದು ಹೋಗುವರು. ಬರುವುದೂ ಕಡಿಮೆಯಾಯಿತು. ಒಂದು ದಿನ ಕಾಕಿಯೇ ನನಗೆ ಫೋನು ಮಾಡಿದರು. "ಇಬ್ರೂ ಭಾಳ ಶಾಣ್ಯಾರಾಗಿ ಕುಂತಾರಪಾ. ನಂಗ ಹೆದರಿಕಿ ಆಗಾಕತ್ತೈತಿ. ನೀನರ ಏನರ ಜಗಳಾ ಹಚ್ಚು." ತೀರ್ಪು ಕೇಳಿದಾಗೆಲ್ಲ ಎದ್ದು ಹೋಗುತ್ತಿದ್ದ ನನಗೆ ಜಗಳ ಹಚ್ಚುವ ದಾರಿಯೂ ಹೊಳೆಯಲಿಲ್ಲ.

ಇವತ್ತು ಬೆಳಿಗ್ಗೆ ಕಾಕಾರ ಫೋನು ಬಂತು. ದನಿಯಲ್ಲಿ ಹಳೆಯ ಬಿಸಿ. ಹಂದಿ ಓಡಿಸಲು ಸದ್ದು ಮಾಡುವ ಯಂತ್ರಗಳು ಬಂದಿವೆಯಂತೆ, ಹೊಲದಲ್ಲಿ ಇಟ್ಟರೆ ತಾವೇ ಕೂಗುತ್ತವಂತೆ. ಒಂದು ಹುಲಿಯ ಗರ್ಜನೆಯದು, ಇನ್ನೊಂದು ನಾಯಿಯ ಬೊಗಳಿಕೆಯದು.

"ನಮ್ಮ ಕಡಿ ಹಂದಿ ಹುಲಿ ಯಾವಾಗ ನೋಡ್ಯಾವೋ? ಅಂಜಾಕ ಪರಿಚಯ ಇರಬೇಕಲ್ಲ! ನಾಯಿದs ತಗೋಬೇಕು. ಈ ದತ್ತ್ಯಾಗ ತಿಳಿವಲ್ದು. ನೀ ಕಾರು ತಗೊಂಡು ಬಾ, ಚಿಕ್ಕೋಡಿಗಿ ಹೋಗಿ ನೋಡೂಣು."

ಹಿಂದಿನಿಂದ ಮಾಮಾರ ಕೂಗು ಕೇಳಿಸಿತು: "ಹುಲಿ ಅಂತ ಹೇಳೋ ಅವಗ! ಹುಲಿ!"

ಅದರಾಚೆ ಕಾಕಿ ನಗುತ್ತಿದ್ದರು. ಇಂಥ ಕರೆ ಬಂದರೆ ಮೊದಲೆಲ್ಲ ಗಾಡಿ ಕೆಟ್ಟಿದೆ ಎನ್ನುತ್ತಿದ್ದವನು ಇವತ್ತು ಸ್ನಾನಕ್ಕೂ ಕಾಯದೆ ಕೀಲಿಕೈ ತೆಗೆದುಕೊಂಡೆ. ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಹಾರೈಕೆ: ಇಬ್ಬರೂ ಇವತ್ತು ಏನನ್ನೂ ಕೊಳ್ಳದಿರಲಿ.